ಆರುನೂರ ಹನ್ನೊಂದನೇ ಜಾಡಿ

ಧಾರವಾಡದ ಹೊರವಲಯದಲ್ಲಿ ಮುಚ್ಚಿಹೋಗಿದ್ದ ಹಾಲಿನ ಡೇರಿಯೊಂದನ್ನು ಸರಕಾರ ಕಂಪ್ಯೂಟರ್ ಕೇಂದ್ರ ಮಾಡಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಬಾಗಿಲ ಮೇಲೆ 'ಜೀವ ದಾಖಲೆ ಕೇಂದ್ರ' ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಆಟೊದವರು ಈಗಲೂ 'ಡೇರಿ' ಎಂದೇ ಹೇಳುತ್ತಿದ್ದರು. ಅವರದೇನೂ ತಪ್ಪಲ್ಲ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿಯುತ್ತಿದ್ದುದು ಹುಳಿ ಮಜ್ಜಿಗೆಯ ವಾಸನೆಯೇ.

ಹಳೆಯ ಕಾಲದ ಡಿಸ್ಕುಗಳು ಊರಿಗೆಲ್ಲ ಸಾಲುವಷ್ಟು ವಿದ್ಯುತ್ತನ್ನು ತಾವೇ ತಿಂದು ತೇಗತೊಡಗಿದ ಮೇಲೆ ವಿಜ್ಞಾನಿಗಳು ಹಾಲು ಹೆಪ್ಪಾಗಿಸುವ ಬ್ಯಾಕ್ಟೀರಿಯಾದ ಕಡೆ ತಿರುಗಿದ್ದರು. ಅದರ ಒಂದೊಂದು ಕೋಶದಲ್ಲೂ ಡಿಎನ್‌ಎ ಎನ್ನುವ ಉದ್ದನೆಯ ಎಳೆ ಇರುತ್ತದೆ. ಆ ಎಳೆಯಲ್ಲಿ ಇರುವುದು ನಾಲ್ಕೇ ಅಕ್ಷರ. ಕಂಪ್ಯೂಟರಿನ ಸೊನ್ನೆ ಒಂದುಗಳನ್ನು ಈ ನಾಲ್ಕು ಅಕ್ಷರಗಳಿಗೆ ತಿರುಗಿಸಿ ಎಳೆಯಲ್ಲಿ ಪೋಣಿಸಿಬಿಟ್ಟರೆ ಕೆಲಸ ಮುಗಿಯಿತು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ಮರುದಿನದ ಹೊತ್ತಿಗೆ ಜಾಡಿಯ ತುಂಬ ಅದೇ ದಾಖಲೆಯ ಕೋಟ್ಯಂತರ ಪ್ರತಿಗಳು. ಓದುವಾಗ ಯಂತ್ರವು ಸಾವಿರಾರು ಕೋಶಗಳನ್ನು ಓದಿ, ಹೆಚ್ಚಿನವು ಏನು ಹೇಳುತ್ತವೋ ಅದನ್ನೇ ಸರಿ ಎಂದು ಹಿಡಿಯುತ್ತದೆ. ದಿನಕ್ಕೊಂದಿಷ್ಟು ಹಾಲಿನ ತಿಳಿ ಹಾಕಿದರೆ ಸಾಕು, ಬೇರೆ ಖರ್ಚಿಲ್ಲ.

ಅಂಥ ಸಾವಿರದ ಇನ್ನೂರು ಉಕ್ಕಿನ ಜಾಡಿಗಳಲ್ಲಿ ಅರ್ಧ ರಾಜ್ಯದ ಕಡತಗಳು ಹುಳಿಯುತ್ತ ಕುಳಿತಿದ್ದವು. ಒಂದು ಜಾಡಿಗೆ ಒಂದೇ ಕಚೇರಿ, ಬೆರಕೆ ಕೂಡದು, ಇದು ನಿಯಮ. ಶಾಲ್ಮಲಾ ಹಂಚಿನಮನಿಯ ಕೆಲಸ ಜಾಗ ತೆರವು. ಹತ್ತು ವರ್ಷ ಯಾರೂ ತೆರೆದು ನೋಡದ ದಾಖಲೆ ಯಾವುದು, ಎರಡೆರಡು ಸಲ ಸೇರಿಕೊಂಡದ್ದು ಯಾವುದು ಎಂದು ಪಟ್ಟಿ ಮಾಡಿ, ಆ ಜಾಡಿಗಳನ್ನು ಅಳಿಸಲು ಕಳಿಸುವುದು. ಅಟ್ಟ ತುಂಬಿದಾಗ ಮನೆಯಲ್ಲಿ ಮಾಡುವ ಕೆಲಸವನ್ನೇ ಸಂಬಳಕ್ಕೆ ಮಾಡುತ್ತೇನೆ ಎಂದು ಆಕೆ ತಮಾಷೆ ಮಾಡುತ್ತಿದ್ದಳು.

ಜಾಡಿಗಳೆಲ್ಲ ತುಂಬುತ್ತ ಬಂದು, ಆ ತಮಾಷೆ ನಾಲ್ಕು ವರ್ಷಗಳಿಂದ ಹಳಸಿತ್ತು. ಎಷ್ಟು ಅಳಿಸಿದರೂ ಕೇಂದ್ರದ ಜಾಗ ತೆರವಾಗುತ್ತಿರಲಿಲ್ಲ. ನೂರಕ್ಕೆ ತೊಂಬತ್ತೆಂಟು ತುಂಬಿದೆ ಎಂದು ತೋರಿಸುವ ಕೆಂಪು ಮುಳ್ಳು, ಐವತ್ತು ಜಾಡಿ ತೊಳೆದ ದಿನ ತೊಂಬತ್ನಾಲ್ಕಕ್ಕೆ ಇಳಿಯುವುದು, ವಾರ ತುಂಬುವುದರೊಳಗೆ ಏನೂ ಗೊತ್ತಿಲ್ಲದವರ ಹಾಗೆ ಮತ್ತೆ ಮೇಲೇರಿ ಕೂರುವುದು. ಎರಡು ಸಲ ಮಾಪಕವನ್ನೇ ಬದಲಿಸಿದರು. ಒಂದು ಸಮಿತಿಯೂ ಆಯಿತು, ಅದು ಮಾಪಕವನ್ನು ಮೂರನೇ ಸಲ ಬದಲಿಸಬೇಕೆಂದು ವರದಿ ಕೊಟ್ಟಿತು.

ಇಷ್ಟು ದಿನ ಇದು ಕಚೇರಿಯ ತಲೆನೋವು. ಈಗ ಮನೆಯದೂ ಆಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಸೋಮವಾರದಿಂದ ಹನ್ನೆರಡು ಮಕ್ಕಳಿಗೆ ಜೀವಂತ ಅಂಗಾಂಶದಿಂದ ಬೆಳೆಸಿದ ಹೃದಯದ ಕವಾಟ ಕೂಡಿಸುವವರಿದ್ದರು. ಆ ಕವಾಟ ಮೊದಲ ನಲವತ್ತು ದಿನ ಆ ಮಗುವಿನ ಬಡಿತವನ್ನು ಕಲಿಯುತ್ತದೆ. ಕಲಿಯಬೇಕಾದರೆ ಒಂದೊಂದು ಬಡಿತವೂ ಎಲ್ಲಾದರೂ ದಾಖಲಾಗಿ, ಹಿಂದಿನದಕ್ಕೆ ಹೋಲಿಕೆಯಾಗಿ, ತಿದ್ದುಪಡಿ ಹಿಂತಿರುಗಿ ಹೋಗಬೇಕು. ಮಗುವಿಗೊಂದು ಜಾಡಿ ಬೇಕು. ಜಾಡಿ ಸಿದ್ಧವಿಲ್ಲದಿದ್ದರೆ ಆಪರೇಷನ್ ಇಲ್ಲ. ಪಟ್ಟಿಯಲ್ಲಿ ಮೊದಲ ಹೆಸರು ಇಂಚರಾಳದು. ಇಂಚರಾ ಶಾಲ್ಮಲಾಳ ತಂಗಿಯ ಮಗಳು.

ಮಂಗಳವಾರ ಬೆಳಿಗ್ಗೆ ಕಂಟ್ರೋಲ್ ರೂಮಿಗೆ ಕಾಲಿಡುತ್ತಿದ್ದಂತೆ ನದಾಫ್ ಕುರ್ಚಿಯಿಂದಲೇ ಕೂಗಿದ. ಇಪ್ಪತ್ತು ವರ್ಷದಿಂದ ಓದುವ ಯಂತ್ರದ ಮುಂದೆ ಕೂತು ಕೂತು ಕನ್ನಡಕದ ನಂಬರು ಏರಿಸಿಕೊಂಡ ಆಸಾಮಿ.

"ಅಳಿಸಿದ್ದು ಮತ್ತ ಬಂತು ನೋಡ್ರಿ ಬಾಯಾರ."

ಮಕ್ಕಳಿಗೆಂದು ಹನ್ನೆರಡು ಜಾಡಿಗಳನ್ನು ಅಳಿಸಿ, ಪ್ರಯೋಗಾಲಯದ ಹೊಸ ತಳಿಯ ಬ್ಯಾಕ್ಟೀರಿಯಾ ಹಾಕಿ, ಪರೀಕ್ಷೆಗೆ ಹುಸಿ ಬಡಿತಗಳನ್ನು ಬರೆದು ಮೂರು ದಿನವಾಗಿತ್ತು. ಪರದೆಯ ಮೇಲೆ ಏರಿಳಿಯುವ ಗೆರೆಯ ನಟ್ಟನಡುವೆ 'ಎಮ್ಮೆ ಎರಡು, ಆಕಳು ಒಂದು, ಕರು ಇಲ್ಲ' ಎಂದು ಬರುತ್ತಿತ್ತು. ಯಾವುದೋ ಕಾಲದ ಜಾನುವಾರು ಗಣತಿ.

"ಎಲ್ಲಾ ಹನ್ನೆರಡೂ?"

"ಹನ್ನೆರಡೂ. ಒಂದರಾಗ ರೇಷನ್ ಕಾರ್ಡ್ ಅದಾವ, ಇನ್ನೊಂದರಾಗ ಬಸ್ ಪಾಸ್. ಹುಡುಗಿ ಎದಿ ಬಡ್ಯೂದರಾಗ ಎಮ್ಮಿ ಹೊಕ್ಕರ ಆ ಕವಾಟ ಏನ್ ಕಲೀತೈತ್ರಿ?"

ಬೇರೆ ದಿನವಾಗಿದ್ದರೆ ಶಾಲ್ಮಲಾ ನಗುತ್ತಿದ್ದಳು.

ಸಂಜೆ ಮನೆಗೆ ಹೋದರೆ ಇಂಚರಾ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಐದು ಮೆಟ್ಟಿಲು ಹತ್ತಲು ಆ ಹುಡುಗಿಗೆ ಎರಡು ಸಲ ಕೂರಬೇಕು. ಆರು ವರ್ಷದ ಕೂಸು, ತುಟಿ ಮಾತ್ರ ನೇರಳೆ ಹಣ್ಣು ತಿಂದವರ ಹಾಗೆ ಸದಾ ನೀಲಿ.

"ದೊಡ್ಡವ್ವ, ನಾ ದಣದಿಲ್ಲ. ಸುಮ್ನ ಕೂತೀನಿ," ಎಂದಳು, ಯಾರೂ ಕೇಳದಿದ್ದರೂ.

"ಹಂಗಾದ್ರ ನಾನೂ ಸುಮ್ನ ಕೂಡ್ತೀನಿ," ಎಂದು ಶಾಲ್ಮಲಾ ಪಕ್ಕದಲ್ಲಿ ಕೂತಳು. ಮಗುವಿನ ಬೆನ್ನ ಮೇಲೆ ಕೈಯಿಟ್ಟರೆ ಒಳಗಿನ ಗಡಿಬಿಡಿಯೆಲ್ಲ ಅಂಗೈಗೆ ತಿಳಿಯುತ್ತಿತ್ತು. ಗಂಡನಿಂದ ಬೇರೆಯಾಗಿ ಮೂರು ವರ್ಷದಿಂದ ಅಕ್ಕನ ಮನೆಯಲ್ಲೇ ಇರುವ ಮಂದಾಕಿನಿ ಬಾಗಿಲಿಗೆ ಬಂದು ನಿಂತಳು. ಜಾಡಿಯ ಸುದ್ದಿ ಕೇಳಬೇಕೆಂದು ಬಾಯಿ ತೆರೆದವಳು, ಅಕ್ಕನ ಮುಖ ನೋಡಿ, "ಚಾ ಮಾಡ್ತೀನಿ," ಎಂದು ಒಳಗೆ ಹೋದಳು.

ಬುಧವಾರ ಮಧ್ಯಾಹ್ನ, ಹನ್ನೆರಡೂ ಜಾಡಿಗಳನ್ನು ಮತ್ತೆ ಅಳಿಸಲು ಕೆಳಗೆ ಕಳಿಸಿ, ಎಲ್ಲ ತಂತಿ, ಎಲ್ಲ ಲೆಕ್ಕ, ಎಲ್ಲ ಪ್ರೋಗ್ರಾಂ ತಪಾಸಣೆ ಮುಗಿದ ಮೇಲೆ, ನೋಡದೆ ಉಳಿದದ್ದು ಒಂದೇ ಜಾಗ. ಕೆಳಗಿನ ತೊಳೆಯುವ ಮನೆ. ಹನ್ನೊಂದು ವರ್ಷದ ನೌಕರಿಯಲ್ಲಿ ಶಾಲ್ಮಲಾ ಅಲ್ಲಿಗೆ ಒಂದು ಸಲವೂ ಇಳಿದಿರಲಿಲ್ಲ. ಎಂಜಿನಿಯರುಗಳು ಯಾರೂ ಇಳಿದಿರಲಿಲ್ಲ. ಮೇಲಿನಿಂದ 'ಅಳಿಸು' ಎಂಬ ಚೀಟಿ ಹೋಗುತ್ತಿತ್ತು, ಕೆಳಗಿನಿಂದ ತೊಳೆದ ಜಾಡಿ ಬರುತ್ತಿತ್ತು, ನಡುವೆ ಏನಾಗುತ್ತದೆ ಎನ್ನುವುದು ಯಾರಿಗೂ ಪ್ರಶ್ನೆ ಎನಿಸಿರಲಿಲ್ಲ.

ಅಲ್ಲಿ ನೀಲವ್ವ ಮತ್ತು ಇನ್ನೂ ಮೂವರು ಹೆಂಗಸರು ಮೊಣಕೈವರೆಗೆ ಗ್ಲೌಸ್ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಜಾಡಿ ಬಗ್ಗಿಸಿ ಸುರಿಯುವುದು, ಉಜ್ಜುವುದು, ಕುದಿಯುವ ಹಬೆ ಬಿಡುವುದು. ಎಲ್ಲ ನಿಯಮದ ಪ್ರಕಾರವೇ. ಆದರೆ ಗೋಡೆಯ ಬದಿಯ ಕಟ್ಟೆಯ ಮೇಲೆ, ಬಿಳಿ ಪಂಚೆಯ ಕೆಳಗೆ, ಸ್ಟೀಲಿನ ಮುಚ್ಚಳಗಳ ಸಾಲು ಇತ್ತು. ಶಾಲ್ಮಲಾ ಪಂಚೆ ಎತ್ತಿದಳು. ಒಂದೊಂದು ಮುಚ್ಚಳದಲ್ಲೂ ಒಂದೊಂದು ಚಮಚ ಬೆಳ್ಳಗಿನ ಗಟ್ಟಿ. ಪಕ್ಕದಲ್ಲಿ ಜಾಡಿಯ ನಂಬರಿನ ಚೀಟಿ.

"ನೀಲವ್ವ, ಏನ್ರೀ ಇದು?"

"ಉಳಿಸಿದ್ದು ಬಾಯಾರ," ಎಂದಳು ನೀಲವ್ವ, ಇದೆಂಥ ಪ್ರಶ್ನೆ ಎನ್ನುವ ಹಾಗೆ. "ಹಬಿ ಬಿಟ್ಟ ಮ್ಯಾಲೆ ವಾಪಸ್ ಅದರ ಗಡಿಗ್ಯಾಗ ಹಾಕ್ತೀವಿ. ಒಂದರದ್ದು ಇನ್ನೊಂದರಾಗ ಹಾಕಿಲ್ರಿ, ಚೀಟಿ ಅದಾವ ನೋಡ್ರಿ."

ಶಾಲ್ಮಲಾ ಚೀಟಿಗಳ ನಂಬರುಗಳನ್ನು ಒಂದೊಂದಾಗಿ ಓದಿದಳು. "ಎಷ್ಟ ದಿನದಿಂದ ಹಿಂಗ ಮಾಡ್ತೀರಿ?"

"ಬಂದಾಗಿಂದ. ಪಾತ್ರಿ ಪೂರ್ತಿ ಬರಿದು ಮಾಡಬಾರದಲ್ರೀ. ನಮ್ಮವ್ವ ಹಿಟ್ಟಿನ ಡಬ್ಬ್ಯಾಗ ಒಂದ್ ಹಿಡಿ ಬಿಟ್ಟ ಮ್ಯಾಲಿಂದ ಹೊಸಾ ಹಿಟ್ಟು ಸುರೀತಿದ್ಲು. ಮೊಸರಿನ ಪಾತ್ರಿ ಅಂತೂ ಕೇಳಬ್ಯಾಡ್ರಿ. ಇವು ದೊಡ್ಡ ದೊಡ್ಡ ಸರಕಾರದ ಗಡಿಗಿ. ಇವನ್ನ ಬರಿದು ಮಾಡಿ ಡಬ್ಬ ಹಾಕಿದ್ರ ಚಲೋ ಆಕ್ಕೈತೇನ್ರೀ?"

ಇಪ್ಪತ್ತೆರಡು ವರ್ಷ. ಅಳಿಸಿದ ಜಾಡಿಯನ್ನು ಬಹುಪಾಲು ಅದೇ ಕಚೇರಿಗೇ ಮತ್ತೆ ಕೊಡುತ್ತಿದ್ದುದರಿಂದ ಹಳೆಯದು ತಲೆಯೆತ್ತಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾಪಕ ಮಾತ್ರ ಪಾಪ, ನಿಜವನ್ನೇ ಹೇಳುತ್ತಿತ್ತು. ಶಾಲ್ಮಲಾಳಿಗೆ ಸಿಟ್ಟು ನೆತ್ತಿಗೇರಿತು. ಮಗುವಿನ ಜೀವ ಒಂದು ಚಮಚಕ್ಕೆ ಅಂಟಿ ನಿಂತಿದೆಯಲ್ಲ ಎಂದು ಅಳುವೂ ಬಂತು. "ಬರಿದು ಮಾಡ್ರಿ. ಈಗ, ನನ್ನ ಕಣ್ಣ ಮುಂದ," ಎಂದಳು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ನೀಲವ್ವ ಗ್ಲೌಸ್ ತೆಗೆದು ಕಟ್ಟೆಯ ಮೇಲಿಟ್ಟಳು. "ನೀವ ಸುರೀರಿ ಬಾಯಾರ. ನನ್ನ ಕೈಲೆ ಆಗಂಗಿಲ್ಲ."

ಶಾಲ್ಮಲಾ ಆ ಗ್ಲೌಸ್ ತೊಟ್ಟು ಮಕ್ಕಳ ಜಾಡಿಗಳ ಹನ್ನೆರಡು ಮುಚ್ಚಳಗಳನ್ನು ಬಿಸಿ ನೀರಲ್ಲಿ ತೊಳೆದಳು, ಹನ್ನೆರಡು ಜಾಡಿಗಳಿಗೆ ತಾನೇ ಹಬೆ ಬಿಟ್ಟಳು. ಕೊನೆಯ ಜಾಡಿಯ ತಳ ಫಳಫಳ ಹೊಳೆದಾಗ ಅವಳಿಗೂ ಒಂದು ಕ್ಷಣ ಕಸಿವಿಸಿಯಾಯಿತು. ಅವಳ ಮನೆಯಲ್ಲೂ ಹಿಟ್ಟು ಮುಗಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಆ ಕೇಂದ್ರದಲ್ಲಿ ದಾಖಲೆಯೊಂದು ನಿಜಕ್ಕೂ ಅಳಿದದ್ದು ಅದೇ ಮೊದಲು.

ಶುಕ್ರವಾರ ಬೆಳಿಗ್ಗೆ ಆ ಹನ್ನೆರಡೂ ಜಾಡಿಗಳಲ್ಲಿ ಪ್ರಯೋಗಾಲಯದಿಂದ ತಂದ ಹೊಸ ತಳಿ ಸತ್ತುಬಿದ್ದಿತ್ತು. ಬಡಿತ ಇಲ್ಲ, ಎಮ್ಮೆ ಇಲ್ಲ, ಬರೀ ನೀರು. ನದಾಫ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಹೊಸಾ ತಳಿ ಬುಡ್ಡಿ ಇನ್ನೂ ನಾಲ್ಕದಾವ. ಹಾಕಿ ನೋಡೂಣೇನ್ರಿ?"

ಶಾಲ್ಮಲಾ ಸತ್ತ ಜಾಡಿಯ ಹನಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಎರಡು ತಾಸು ಕೂತಳು. ಕೋಶಗಳು ಒಳಗಿನಿಂದ ಒಡೆದು ಚೂರಾಗಿದ್ದವು. ಬ್ಯಾಕ್ಟೀರಿಯಾಗಳನ್ನೇ ಬೇಟೆಯಾಡುವ ವೈರಸ್ಸುಗಳ ಕೆಲಸ ಅದು. ಹಾಲಿನ ಡೇರಿಗಳಿಗೆ ಅದು ಹಳೆಯ ಶತ್ರು, ಹೆಪ್ಪು ಕೆಡಿಸುತ್ತದೆ, ಗೋಡೆ ಗಾಳಿಗಳಲ್ಲೆಲ್ಲ ಉಳಿದುಕೊಂಡಿರುತ್ತದೆ. ಡೇರಿಯನ್ನೇ ದಾಖಲೆ ಕೇಂದ್ರ ಮಾಡಿದವರಿಗೆ ಅದು ಹೊಳೆದಿರಲಿಲ್ಲ. ಹಾಗಾದರೆ ಇಷ್ಟು ವರ್ಷ ಈ ಜಾಡಿಗಳು ಹೇಗೆ ಬದುಕಿದವು?

ಅವಳು ಮತ್ತೆ ಕೆಳಗೆ ಇಳಿದಳು. ಈ ಸಲ ಕೇಳುವ ದನಿ ಬೇರೆ ಇತ್ತು. "ನೀಲವ್ವ, ನಾ ಬರಿದು ಮಾಡಿದ್ದು ಎಲ್ಲಾ ಸತ್ತಾವ. ನೀವು ಉಳಿಸಿದ್ದು ಯಾಕ ಸಾಯಂಗಿಲ್ಲ?"

ನೀಲವ್ವ ಗೆದ್ದವರ ಮುಖ ಮಾಡಲಿಲ್ಲ. ಸ್ಟೂಲು ಎಳೆದು ಕೊಟ್ಟಳು. "ಮೊದಮೊದಲು ಭಾಳ ಕೆಡ್ತಿದ್ವು ಬಾಯಾರ. ಕೆಟ್ಟ ಗಡಿಗ್ಯಾಗೂ ತಳದಾಗ ಚೂರು ಗಟ್ಟಿ ಇರತಿತ್ತು. ಅದನ್ನ ಎತ್ತಿ ಇಡ್ತಿದ್ವಿ. ಅದರಿಂದ ಹಾಕಿದ್ದು ಮತ್ತ ಕೆಡಲಿಲ್ಲ. ಹಳೇ ಹೆಪ್ಪಿಗೆ ಈ ಮನೀ ಗಾಳಿ ರೂಢಿ ಆಗೇತಿ."

ಇಷ್ಟೇ. ವೈರಸ್ಸಿನ ಹಾವಳಿಯಲ್ಲಿ ಉಳಿದ ಕೋಶಗಳನ್ನೇ ಆರಿಸಿ, ಅವುಗಳ ಮಕ್ಕಳಲ್ಲಿ ಉಳಿದವನ್ನೇ ಮತ್ತೆ ಆರಿಸಿ, ಈ ನಾಲ್ವರು ಹೆಂಗಸರು ಇಪ್ಪತ್ತೆರಡು ವರ್ಷ ಒಂದು ತಳಿಯನ್ನು ಬೆಳೆಸಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ, ಮೇಲಿದ್ದ ಎಂಜಿನಿಯರುಗಳಿಗಂತೂ ಮೊದಲೇ ಇಲ್ಲ. ಕೇಂದ್ರ ನಿಂತಿದ್ದು ಆ ಚಮಚಗಳ ಮೇಲೆ. ಶಾಲ್ಮಲಾಳಿಗೆ ನಾಚಿಕೆಯಾಯಿತು. ಹಾಗೆಂದು ಬಾಯಿಬಿಟ್ಟು ಹೇಳಿದಳು ಕೂಡ. ನೀಲವ್ವ, "ಇರ್ಲಿ ಬಿಡ್ರಿ, ಕೂಸಿನ ಚಿಂತ್ಯಾಗ ಇದ್ರಿ," ಎಂದಳು.

ಹಾಗಾದರೆ ಹಳೆಯ ತಳಿ ಬೇಕು, ಆದರೆ ಅದರ ಎಳೆಯಲ್ಲಿ ಹಳೆಯ ದಾಖಲೆ ಇದೆ. ಅದನ್ನು ಕಿತ್ತರೆ ಕೋಶ ಬದುಕುತ್ತದೋ ಇಲ್ಲವೋ ತಿಳಿಯಲು ತಿಂಗಳುಗಳು ಬೇಕು. ಶಾಲ್ಮಲಾ ಕಂಟ್ರೋಲ್ ರೂಮಿಗೆ ಹೋಗಿ ಎಳೆಯ ಉದ್ದ ಅಳೆದಳು. ಒಂದು ಕಚೇರಿಯ ದಾಖಲೆ ಎಳೆಯ ಹತ್ತರಲ್ಲೊಂದು ಪಾಲನ್ನೂ ತುಂಬಿರಲಿಲ್ಲ. ಒಂದು ಜಾಡಿಗೆ ಒಂದೇ ಕಚೇರಿ ಎನ್ನುವ ನಿಯಮ ಇದ್ದದ್ದರಿಂದ, ಜಾಡಿ ತುಂಬಿದೆ ಎಂದರೆ ಯಜಮಾನ ಇದ್ದಾನೆ ಎಂದಷ್ಟೇ ಅರ್ಥವಾಗಿತ್ತು. ಮಾಪಕ ಎಣಿಸುತ್ತಿದ್ದುದೂ ಯಜಮಾನರನ್ನೇ.

"ನದಾಫ್, ಅಳಸೂದ ಬ್ಯಾಡ. ಹಳೇದು ಮುಗದಲ್ಲಿ ಒಂದ ಗುರುತು ಹಾಕಿ, ಅದರ ಮುಂದ ಹೊಸಾದು ಬರಿಯೂಣ."

"ಯಂತ್ರಕ್ಕ ನಡುವಿಂದ ಓದಾಕ ಬರಂಗಿಲ್ಲಲ್ರಿ. ಮೊದಲನೇ ಸಲ ತಲಿಯಿಂದ್ಲೇ ಓದತೈತಿ. ಹಳೇದೆಲ್ಲಾ ಮೊದಲ ಬರ್ತೈತಿ."

"ಬರ್ಲಿ. ಗುರುತು ಸಿಕ್ಕ ಮ್ಯಾಲೆ ಅಲ್ಲಿಂದ್ಲೇ ಓದೂದು ಕಲೀತೈತಿ."

ಇತ್ತೀಚೆಗೆ ಅಳಿಸಲು ಕಳಿಸಿದ್ದ, ನೀಲವ್ವನ ಚಮಚ ಇನ್ನೂ ಉಳಿದಿದ್ದ ಬೇರೆ ಹನ್ನೆರಡು ಜಾಡಿಗಳನ್ನು ಆರಿಸಿದರು. ಇಂಚರಾಳಿಗೆ ಬಂದದ್ದು ಆರುನೂರ ಹನ್ನೊಂದು. ಶನಿವಾರವಿಡೀ ಪರೀಕ್ಷೆ ನಡೆಯಿತು. ಹಳೆಯದು ಮೊದಲು ಬಂತು, ಗುರುತು ಬಂತು, ಆಮೇಲೆ ಹುಸಿ ಬಡಿತ. ಒಂದರಲ್ಲೊಂದು ಬೆರೆಯಲಿಲ್ಲ.

ನಿರ್ದೇಶಕ ಕಟ್ಟೀಮನಿಯವರು ವರದಿ ಓದಿ, ಆಸ್ಪತ್ರೆಗೆ ಕಳಿಸುವ ಫಾರ್ಮನ್ನು ಮುಂದೆ ಇಟ್ಟರು. ಏಳನೇ ಕಾಲಂ: 'ಹಳೆಯ ದಾಖಲೆ ಪೂರ್ಣವಾಗಿ ನಾಶವಾಗಿದೆಯೆ? ಹೌದು / ಇಲ್ಲ.'

"ಹೌದು ಅಂತ ಬರದ ಬಿಡ್ರಿ ಶಾಲ್ಮಲಾ. ನಿಮ್ಮ ಮನೀ ಹುಡುಗಿ ಅದಾಳ. ಇಲ್ಲ ಅಂದ್ರ ಡಾಕ್ಟರ್ ಹಿಂದ ಸರೀತಾರ, ಮತ್ತ ಎಷ್ಟ ತಿಂಗಳೋ." ಅವರು ಕೆಟ್ಟವರಲ್ಲ, ಅವರ ದನಿಯಲ್ಲಿ ಕನಿಕರವೇ ಇತ್ತು.

ಶಾಲ್ಮಲಾ ಫಾರ್ಮನ್ನು ಮನೆಗೆ ತಂದಳು. ಭಾನುವಾರ ಬೆಳಿಗ್ಗೆ ಮಂದಾಕಿನಿ ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಮುಚ್ಚಳ, ಚಮಚ, ತಾನು ಸುರಿದದ್ದು, ಸತ್ತದ್ದು, ಒಂದು ದಿನದ ಪರೀಕ್ಷೆ. "ಹೌದು ಅಂತ ಬರದ್ರ ನಾಳೆ ಆಪರೇಷನ್ ಆಕ್ಕೈತಿ. ಆದ್ರ ನಲವತ್ತ ದಿನದಾಗ ಎಲ್ಲ್ಯಾರ ಹಳೇದು ಹೊಸಾದರಾಗ ಸೇರಿದ್ರ, ಎಲ್ಲಿ ನೋಡಬೇಕು ಅಂತ ಡಾಕ್ಟರಿಗೆ ಗೊತ್ತಾಗಂಗಿಲ್ಲ. ಇಲ್ಲ ಅಂತ ಬರದ್ರ..."

ಮಂದಾಕಿನಿಯ ಕೈ ರೊಟ್ಟಿಯ ಮೇಲೆ ನಿಂತಿತು. ಹೊರಗೆ ಇಂಚರಾ ಪಕ್ಕದ ಮನೆಯ ಹುಡುಗಿಗೆ ಕುಂಟೆಬಿಲ್ಲೆಯ ನಿಯಮ ಹೇಳಿಕೊಡುತ್ತಿದ್ದಳು, ತಾನು ಕೂತಲ್ಲಿಂದಲೇ.

"ಸೇರತೈತೇನು?" ಎಂದಳು ಮಂದಾಕಿನಿ.

"ಇಲ್ಲ ಅನಸ್ತೈತಿ. ಆಣಿ ಮಾಡಿ ಹೇಳಾಕ ಆಗಂಗಿಲ್ಲ."

"ನನ್ನ ಮಗಳ ಎದಿ ನೋಡಾವ್ರಿಗೆ ಎಲ್ಲಾ ಗೊತ್ತಿರಬೇಕು ಅಕ್ಕ. ಖರೇ ಬರಿ. ಬ್ಯಾಡ ಅಂದ್ರ... ಬ್ಯಾಡ ಅಂದಾಗ ಅಳೂಣಂತ." ಇಷ್ಟು ಹೇಳಿದವಳು ಆಗಲೇ ಅಳುತ್ತಿದ್ದಳು. ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು.

ಶಾಲ್ಮಲಾ 'ಇಲ್ಲ' ಎಂದು ಗುರುತು ಹಾಕಿ, ಜೊತೆಗೆ ನಾಲ್ಕು ಪುಟ ಬರೆದು ಕಳಿಸಿದಳು. ಹನ್ನೊಂದು ಗಂಟೆಗೆ ಆಪರೇಷನ್ ಮಾಡುವ ಡಾಕ್ಟರ ಫೋನು ಬಂತು. ಅರ್ಧ ತಾಸು ಬಿಡದೆ ಪ್ರಶ್ನೆ ಕೇಳಿದರು. ಹಳೆಯದು ಎಷ್ಟು ಉದ್ದ, ಗುರುತು ಎಂಥದು, ಬೆರೆತರೆ ಮೊದಲು ಹೇಗೆ ಕಾಣುತ್ತದೆ. ಕೊನೆಗೆ, "ಇದನ್ನ ನೀವು ಬರೀದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ ಅಲ್ವಾ ಮೇಡಂ?" ಎಂದರು. ಶಾಲ್ಮಲಾ ಹೌದೆಂದಳು. ಅವರು, "ನಾಳೆ ಇಂಚರಾ ಒಬ್ಬಳಿಗೆ ಮಾಡೋಣ. ಮೊದಲ ಬಡಿತ ನಿಮ್ಮ ಕಡೆ ಸರಿಯಾಗಿ ಓದಿ ಬರೋವರೆಗೆ ಹೃದಯದ ಕೆಲಸ ಮಾಡೋ ಹೊರಗಿನ ಪಂಪ್ ತೆಗೆಯೋದಿಲ್ಲ. ಬರದಿದ್ರೆ ಅದನ್ನ ತೆಗೆದು ಸದ್ಯಕ್ಕೆ ಮಾಮೂಲಿ ಲೋಹದ ಕವಾಟ ಹಾಕ್ತೀವಿ. ಉಳಿದ ಹನ್ನೊಂದು ಆಮೇಲೆ ನೋಡೋಣ," ಎಂದರು.

ಸೋಮವಾರ ಹನ್ನೆರಡೂವರೆ. ಕಂಟ್ರೋಲ್ ರೂಮಿನಲ್ಲಿ ಕಟ್ಟೀಮನಿಯವರು ಕೈ ಹಿಂದೆ ಕಟ್ಟಿ ನಿಂತಿದ್ದರು. ನೀಲವ್ವ ಬಾಗಿಲ ಹತ್ತಿರ ನಿಂತಿದ್ದಳು, ಮೇಲಿನ ಮಹಡಿಗೆ ಅವಳನ್ನು ಯಾರಾದರೂ ಕರೆದದ್ದು ಅದೇ ಮೊದಲು. ಫೋನಿನಲ್ಲಿ ಆಪರೇಷನ್ ಕೋಣೆಯ ಸದ್ದು ಕೇಳುತ್ತಿತ್ತು.

"ಕವಾಟ ಕೂತಿದೆ. ಕಳಿಸ್ತಾ ಇದ್ದೀವಿ. ನೋಡಿ ಮೇಡಂ."

ಆರುನೂರ ಹನ್ನೊಂದನೇ ಜಾಡಿ ಬರೆದುಕೊಂಡಿತು. ಓದುವ ಯಂತ್ರ ತಲೆಯಿಂದ ಶುರುಮಾಡಿತು. ಪರದೆಯ ಮೇಲೆ ಅಕ್ಷರಗಳು ಒಂದೊಂದೇ ಸಾಲಾಗಿ ಇಳಿಯತೊಡಗಿದವು.

"ಏನ್ ಬರದಾರಪ್ಪಾ ಅದರಾಗ?" ನೀಲವ್ವ ಕೇಳಿದಳು. ಅಂಕಿ ಬಿಟ್ಟರೆ ಅವಳಿಗೆ ಓದಲು ಬರುತ್ತಿರಲಿಲ್ಲ.

ನದಾಫ್ ಗಟ್ಟಿಯಾಗಿ ಓದಿದ. "ಸರಕಾರಿ ಕನ್ನಡ ಶಾಲೆ, ಹಿರೇತೊರೆ. ಮೂರನೇ ಇಯತ್ತೆ. ಹಾಜರಿ." ಎಂದೋ ಮುಚ್ಚಿಹೋದ ಶಾಲೆ, ಜಾಡಿ ಸೇರಿದ್ದು ಹಾಜರಿಯ ಒಂದೇ ಪುಟ. ಯಾರೂ ತೆರೆದು ನೋಡುವುದಿಲ್ಲವೆಂದು ಶಾಲ್ಮಲಾಳೇ ಅಳಿಸಲು ಕಳಿಸಿದ್ದ ದಾಖಲೆ. "ಅಡಿವೆಪ್ಪ, ಹಾಜರ್. ಬಸಲಿಂಗವ್ವ, ಹಾಜರ್. ಚಾಂದಬೀ, ಹಾಜರ್."

"ಮೇಡಂ, ಬಂತಾ?" ಫೋನಿನಲ್ಲಿ ಡಾಕ್ಟರ್.

"ಬರಾಕತ್ತೈತ್ರಿ. ಒಂದ್ ನಿಮಿಷ."

"ಫಕ್ಕೀರಪ್ಪ, ಹಾಜರ್. ಗದಿಗೆವ್ವ, ಹಾಜರ್..." ನದಾಫ್‌ನ ದನಿ ತಾನಾಗಿಯೇ ಮಾಸ್ತರರ ದನಿಯಾಗಿತ್ತು. ಇಪ್ಪತ್ತು, ಇಪ್ಪತ್ತೊಂದು. ಯಾವ ಹೆಸರಿನ ಮುಂದೆಯೂ ಗೈರು ಎಂದಿರಲಿಲ್ಲ, ಆವತ್ತು ಇಡೀ ತರಗತಿ ಬಂದಿತ್ತು. ಶಾಲ್ಮಲಾ ಮೇಜಿನ ಅಂಚು ಹಿಡಿದಿದ್ದಳು. ಕಟ್ಟೀಮನಿಯವರ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಇಪ್ಪತ್ತೇಳು. ಇಪ್ಪತ್ತೆಂಟು.

"ಹುಲಿಗೆಪ್ಪ, ಹಾಜರ್."

ಗುರುತು ಬಂತು. ಅದರ ಕೆಳಗೆ ಹೊಸ ದಾಖಲೆಯ ಮೊದಲ ಸಾಲು.

"ಇಂಚರಾ," ಎಂದು ಓದಿ ನದಾಫ್ ನಿಂತುಬಿಟ್ಟ. ಮುಂದೆ ಪರದೆ ಖಾಲಿ ಇತ್ತು.

ಆ ಖಾಲಿ ಸಾಲಿನಲ್ಲಿ ಹಸಿರು ಗೆರೆಯೊಂದು ಸಣ್ಣಗೆ ಮೇಲೆದ್ದು, ಇಳಿದು, ಸುಮ್ಮನಾಯಿತು. ಮತ್ತೆ ಎದ್ದಿತು. ಮತ್ತೆ, ಈ ಸಲ ಎತ್ತರಕ್ಕೆ. ಆಮೇಲೆ ತಪ್ಪದೆ, ಒಂದರ ಹಿಂದೊಂದು.

"ಮೇಡಂ? ಏನಾಯ್ತು? ಹೇಳಿ."

"ಹಾಜರ್ ಅದಾಳ್ರಿ," ಎಂದಳು ಶಾಲ್ಮಲಾ.

"ಏನಂದ್ರಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. "ಪಂಪ್ ತಗೀರಿ ಡಾಕ್ಟರ್."